ಒಡವೆಯ ಬೆನ್ನು

ಯಾವ ಒಡವೆ ಕೈಗೆ ಕೊಟ್ಟರೂ ಅಕ್ಕಸಾಲಿ ಆಚಾರ್ರು ಮೊದಲು ಅದನ್ನು ತಿರುಗಿಸಿ ಹಿಂಬದಿ ನೋಡುತ್ತಾರೆ. ನನ್ನ ಕೆಲಸವನ್ನು ಮೊದಲ ಸಲ ಅವರಿಗೆ ತೋರಿಸಿದ ದಿನವೂ ಹಾಗೇ ಮಾಡಿದರು. ಬೆಂಗಳೂರಲ್ಲಿ ಆಭರಣ ವಿನ್ಯಾಸ ಕಲಿತು, ಅಲ್ಲೇ ಮೂರು ವರ್ಷ ಕೆಲಸ ಮಾಡಿ, ಆಗಷ್ಟೇ ದಾವಣಗೆರೆಗೆ ವಾಪಸ್ ಬಂದಿದ್ದೆ. ಕೈಯಲ್ಲಿ ಒಂದು ಬೆಳ್ಳಿ ಉಂಗುರ ಇತ್ತು. ಅದರ ಮೇಲೆ ಎರಡು ದಿನ ಕೂತು ಒಂದು ಬಳ್ಳಿ ಕೊರೆದಿದ್ದೆ. ಅವರು ಬಳ್ಳಿಯ ಕಡೆ ಕಣ್ಣೂ ಹಾಯಿಸಲಿಲ್ಲ. ಉಂಗುರದ ಒಳಬದಿಯನ್ನು ಮಣಿಕಟ್ಟಿನ ಮೆತ್ತನೆಯ ಜಾಗಕ್ಕೆ ಒತ್ತಿ ಮೆಲ್ಲಗೆ ಎಳೆದರು. ಚರ್ಮದ ಮೇಲೆ ಬಿಳಿ ಗೀರು ಬಿತ್ತು.

"ಮುಂದಿನ್ದು ಚೆಂದ ಐತವ್ವಾ. ಆದ್ರೆ ಇದನ್ನ ಹಾಕ್ಕೊಳ್ಳಾಕಿಗೆ ಸಿಗೋದು ಈ ಕಡೆ" ಅಂದರು.

ಅವರ ಅಂಗಡಿ ಕಾಳಿಕಾದೇವಿ ರಸ್ತೆಯ ಹತ್ತಿರ. ಅಂಗಡಿ ಅಂದರೆ ಒಂದು ಕೋಣೆ. ಬಾಗಿಲ ಕಡೆ ಮುಖ ಮಾಡಿ ಅವರ ಕೂರುವ ಜಾಗ, ಮುಂದೆ ಮರದ ಹಲಗೆ, ಹಲಗೆಯ ಕೆಳಗೆ ತೊಡೆಯ ಮೇಲೆ ಹರಡಿಕೊಳ್ಳುವ ಚರ್ಮ. ಅರ ಹಾಕಿದಾಗ ಉದುರುವ ಪುಡಿಯೆಲ್ಲ ಆ ಚರ್ಮಕ್ಕೇ ಬೀಳುತ್ತದೆ. ಸಂಜೆ ಅದನ್ನು ಮೊಲದ ಕೂದಲಿನಂಥ ಮೆತ್ತನೆ ಬ್ರಷ್‌ನಲ್ಲಿ ಗುಡಿಸಿ ಡಬ್ಬಿಗೆ ಹಾಕುತ್ತಾರೆ. ಕೈ ತೊಳೆದ ನೀರನ್ನೂ ಬಕೆಟ್ಟಿನಲ್ಲಿ ನಿಲ್ಲಿಸುತ್ತಾರೆ, ತಳದಲ್ಲಿ ಚಿನ್ನ ಕೂರಲಿ ಅಂತ. ಗೋಡೆಯ ಮೊಳೆಗೆ ಒಂದು ಹಳೇ ತಕ್ಕಡಿ ತೂಗುಬಿದ್ದಿದೆ, ಪಕ್ಕದ ಗಾಜಿನ ಬಾಟಲಿಯಲ್ಲಿ ಗುಲಗಂಜಿ ಇವೆ. ಈಗ ಅವರೂ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೇ ತೂಗುವುದು. ಆದರೆ ಒಂದು ತೊಲಕ್ಕೆ 96 ಗುಲಗಂಜಿ ಅನ್ನುವ ಲೆಕ್ಕ ಅವರ ಬಾಯಲ್ಲಿ ಇನ್ನೂ ಹಾಗೇ ಇದೆ. ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಹಳಬರು ಒಡವೆಯ ಒಂದು ಸಣ್ಣ ಎಸಳಿನ ತೂಕವನ್ನೂ ಈ ಕಾಳಿನಲ್ಲೇ ಹೇಳುತ್ತಿದ್ದರು.

ಆ ದಿನದಿಂದ ನಾನು ಅವರ ಹತ್ತಿರ ಹೋಗಲು ಶುರು ಮಾಡಿದೆ. ವಾರಕ್ಕೆ ಮೂರು ದಿನ ಅಂತ ಇದ್ದದ್ದು ಐದಾಯಿತು. ಅಲ್ಲಿ ನಾನು ಮಾಡಿದ ಎಲ್ಲ ಕೆಲಸದ ಬಗ್ಗೆ ಬರೆಯುತ್ತಿಲ್ಲ. ಒಂದೇ ಒಂದು ಪದಕದ ಬಗ್ಗೆ ಬರೆಯುತ್ತೇನೆ. ನನಗೆ ಈ ಕಸುಬು ಅರ್ಥವಾಗಿದ್ದು ಅದನ್ನು ಮಾಡುವಾಗಲೇ.

ಪದಕ ಬೇಕು ಅಂತ ಬಂದವರು ಒಬ್ಬ ಹೈಸ್ಕೂಲ್ ಟೀಚರ್. ಅವರ ತವರು ಸಂತೇಬೆನ್ನೂರು. ಮಗಳ ಮದುವೆ ನಾಲ್ಕು ತಿಂಗಳಲ್ಲಿ ಇತ್ತು. ತೀರಿಕೊಂಡ ತಾಯಿಯ ಗುಂಡಿನ ಸರವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ತಂದಿದ್ದರು. ಕರಿ ದಾರದಲ್ಲಿ ಪೋಣಿಸಿದ ಗುಂಡುಗಳು. ಕೆಲವು ಜಜ್ಜಿ ಹೋಗಿದ್ದವು, ಎರಡು ಒಡೆದಿದ್ದವು. "ಇದನ್ನ ಹಿಂಗೇ ಕೊಟ್ರೆ ಮಗಳು ಬೀರುವಿನಲ್ಲೇ ಇಡ್ತಾಳೆ. ಅವಳು ಹಾಕ್ಕೊಳ್ಳೋ ಹಂಗೆ ಏನಾದ್ರೂ ಮಾಡಿ ಕೊಡಮ್ಮಾ. ಆದ್ರೆ ನಮ್ಮವ್ವನ ಊರಿನ್ದು ಏನಾದ್ರೂ ಅದ್ರಲ್ಲಿ ಇರ್ಲಿ" ಅಂದರು.

ತೂಕ ಮಾಡಿದೆವು. 17.2 ಗ್ರಾಂ. ಅವರ ಲೆಕ್ಕದಲ್ಲಿ ಅದೆಲ್ಲ ಚಿನ್ನ. ಆಚಾರ್ರು ಒಡೆದ ಗುಂಡೊಂದನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಒಳಗೆ ಕೆಂಪಗೆ, ಕಪ್ಪಗೆ ಅರಗು. ಹಳೇ ಗುಂಡುಗಳನ್ನು ತೆಳು ತಗಡಿನಲ್ಲಿ ಮಾಡಿ, ಜಜ್ಜಬಾರದು ಅಂತ ಒಳಗೆ ಅರಗು ತುಂಬುತ್ತಿದ್ದರು. ಅದು ಮೋಸವಲ್ಲ, ಕೆಲಸದ ಕ್ರಮ. ಆದರೆ ಮಾರುವವರು ಅರಗಿನ ತೂಕ ಬಿಟ್ಟು ಲೆಕ್ಕ ಹಾಕಬೇಕಿತ್ತು. ಎಷ್ಟೋ ವರ್ಷದ ಹಿಂದೆ ಆ ಸರ ಮಾರಿದ ಅಂಗಡಿಯವರು ಹಾಗೆ ಮಾಡಿರಲಿಲ್ಲ. ರಸೀದಿಯ ಹಳದಿ ಚೀಟಿಯಲ್ಲಿ ಪೂರ್ತಿ ತೂಕಕ್ಕೂ ಚಿನ್ನದ ದರವೇ ಇತ್ತು.

ಅರಗು ಬಿಡಿಸಿ, ಕರಗಿಸಿದ ಮೇಲೆ ಉಳಿದದ್ದು 14.6 ಗ್ರಾಂ. ಟೀಚರ್ ಎದುರಿಗೇ ಕರಗಿಸಿದೆವು. ಹಳೇ ಚಿನ್ನ ಕರಗಿಸುವಾಗ ಅದರ ಒಡೆಯರು ಅಲ್ಲೇ ಇರಬೇಕು ಅನ್ನುವುದು ಆಚಾರ್ರ ನಿಯಮ. ಮೂಸೆಯಲ್ಲಿ ಗುಂಡುಗಳು ಒಂದೊಂದಾಗಿ ಕುಸಿದವು. ಮೊದಲು ದುಂಡಗಿನ ಆಕಾರ ಹೋಯಿತು, ಆಮೇಲೆ ಎಲ್ಲವೂ ಸೇರಿ ಒಂದು ಹನಿಯಾಗಿ, ಮೇಲೆ ಹೊಳೆಯುವ ಚರ್ಮ ಕಟ್ಟಿಕೊಂಡು ನಡುಗತೊಡಗಿತು. ಟೀಚರ್ ಸೆರಗು ಬಾಯಿಗೆ ಇಟ್ಟುಕೊಂಡು ನೋಡುತ್ತಿದ್ದರು. ನಾನು ಏನೂ ಮಾತಾಡಲಿಲ್ಲ. ಆ ಹೊತ್ತಿನಲ್ಲಿ ಮಾತಾಡಬಾರದು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ತೊಂದರೆ ಇತ್ತು. ಒರೆಗಲ್ಲಿಗೆ ಉಜ್ಜಿದ ಕೂಡಲೇ ಆಚಾರ್ರಿಗೆ ಅನುಮಾನ ಬಂತು. ಮಿಷನ್ನಿನಲ್ಲಿ ಪರೀಕ್ಷೆ ಮಾಡಿಸಿದಾಗ ಶೇಕಡ 90 ಬಂತು. 22 ಕ್ಯಾರೆಟ್ ಅಂದರೆ 91.6 ಇರಬೇಕು. ಹಳೇ ಬೆಸುಗೆಗಳಲ್ಲಿ ತಾಮ್ರ, ಬೆಳ್ಳಿ ಜಾಸ್ತಿ ಇರುತ್ತಿತ್ತು. ಒಡವೆ ಕರಗಿಸಿದಾಗ ಬೆಸುಗೆಯೂ ಅದರಲ್ಲೇ ಸೇರಿ ಒಟ್ಟು ಚಿನ್ನದ ದರ್ಜೆ ಇಳಿಯುತ್ತದೆ. ಒಂದೂವರೆ ಪಾಯಿಂಟ್ ತಾನೇ, ಒಂಚೂರು ಅಪರಂಜಿ, ಅಂದರೆ ಶುದ್ಧ ಚಿನ್ನ, ಸೇರಿಸಿದರೆ ಆಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿದರೆ ಹಾಗಿಲ್ಲ. 14.6 ಗ್ರಾಂ ಚಿನ್ನವನ್ನು 90ರಿಂದ 91.6ಕ್ಕೆ ಏರಿಸಲು 2.8 ಗ್ರಾಂ ಅಪರಂಜಿ ಬೇಕು. ಇದನ್ನು ಟೀಚರ್‌ಗೆ ಪೇಪರ್ ಮೇಲೆ ಬರೆದು ತೋರಿಸಿದೆ. ಅವರು ಗಣಿತದ ಟೀಚರ್. ತಾವೇ ಇನ್ನೊಂದು ಸಲ ಲೆಕ್ಕ ಮಾಡಿ, ಸರಿ ಅಂದರು. ಅಪರಂಜಿ ತರಿಸಿ ಸೇರಿಸಿದೆವು. ಕೈಯಲ್ಲಿ ಈಗ 17.4 ಗ್ರಾಂ 22 ಕ್ಯಾರೆಟ್ ಚಿನ್ನ. ಇದಕ್ಕಿಂತ ಒಂದು ಗ್ರಾಂ ಕೂಡ ಜಾಸ್ತಿ ಹಾಕಲು ಅವರಿಂದ ಆಗುತ್ತಿರಲಿಲ್ಲ.

ಮುಂದಿನ ಭಾನುವಾರ ಸಂತೇಬೆನ್ನೂರಿಗೆ ಹೋದೆ. ಅಲ್ಲಿನ ಪುಷ್ಕರಣಿಯನ್ನು ಮೊದಲೂ ನೋಡಿದ್ದೆ, ಶಾಲೆಯ ಪ್ರವಾಸದಲ್ಲಿ. 16ನೇ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ನಡುನೀರಿನಲ್ಲಿ ವಸಂತ ಮಂಟಪ, ಸುತ್ತ ಕಲ್ಲಿನ ಮೆಟ್ಟಿಲು, ಪಕ್ಕದಲ್ಲೇ ಮುಸಾಫಿರ್‌ಖಾನೆ. ಬಂದವರೆಲ್ಲ ಮಂಟಪದ ಫೋಟೋ ತೆಗೆಯುತ್ತಾರೆ. ನಾನೂ ಬೆಳಗ್ಗೆಯೆಲ್ಲ ಮಂಟಪವನ್ನೇ ಬರೆಯುತ್ತಾ ಕೂತಿದ್ದೆ. ಅದರ ಕಮಾನು, ಚಜ್ಜ, ತುದಿಯ ಗೋಪುರ. ಆರು ಹಾಳೆ ತುಂಬಿದವು. ಒಂದೂ ಇಷ್ಟವಾಗಲಿಲ್ಲ.

ಕಟ್ಟಡವನ್ನು ಚಿಕ್ಕದು ಮಾಡಿ ಕತ್ತಿಗೆ ನೇತು ಹಾಕುವುದು ನನಗೆ ಎಂದೂ ಒಗ್ಗುವುದಿಲ್ಲ. ಮೊದಲು ನಾನೂ ಅದನ್ನೇ ಮಾಡುತ್ತಿದ್ದೆ. ಹರಿಹರದ ಹರಿಹರೇಶ್ವರ ದೇವಸ್ಥಾನಕ್ಕೆ ಹೋಗಿ, ಹೊಯ್ಸಳರ ಕಾಲದ ಆ ಕಂಬಗಳ ಅಂಚುಗಳನ್ನು ಟ್ರೇಸ್ ಮಾಡಿಕೊಂಡು ಬಂದು ಬಳೆಯ ಮೇಲೆ ಹಾಕಿದ್ದೆ. ನೋಡಲು ಚೆನ್ನಾಗಿತ್ತು, ಮಾರಾಟವೂ ಆಯಿತು. ಆದರೆ ಅಲ್ಲಿ ನಿಂತಾಗ ನನ್ನನ್ನು ಹಿಡಿದದ್ದು ಆ ಅಂಚಿನ ಚಿತ್ರವಲ್ಲ. ತಿರುಗಣೆಗೆ ಕೊಟ್ಟು ನುಣುಪು ಮಾಡಿದ ಕಂಬದ ಮೇಲೆ ಬೆಳಕು ಒಂದೊಂದು ಬಳೆಯ ಹಾಗೆ ಸುತ್ತಿಕೊಂಡು ನಿಂತಿದ್ದ ರೀತಿ. ಅದು ನನ್ನ ಬಳೆಯಲ್ಲಿ ಬಂದಿರಲಿಲ್ಲ. ಒಂದು ಜಾಗದಿಂದ ಚಿತ್ರ ಎತ್ತಿಕೊಂಡು ಬರುವುದು ಸುಲಭ. ಆ ಜಾಗ ನಮಗೆ ಏನು ಮಾಡಿತು ಅನ್ನುವುದನ್ನು ಲೋಹದಲ್ಲಿ ಹೇಳುವುದೇ ಕಷ್ಟ.

ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂತು. ಪುಸ್ತಕ ಮುಚ್ಚಿಟ್ಟು ಸುಮ್ನೆ ಮೇಲಿನ ಮೆಟ್ಟಿಲ ಮೇಲೆ ಕೂತೆ. ಆಗ ಕಣ್ಣಿಗೆ ಬಿದ್ದದ್ದು ಮೆಟ್ಟಿಲುಗಳು. ಹೊರಗಿನ ದೊಡ್ಡ ಚೌಕ, ಅದರೊಳಗೆ ಒಂದು ಮೆಟ್ಟಿಲು ಕೆಳಗೆ ಸ್ವಲ್ಪ ಚಿಕ್ಕ ಚೌಕ, ಅದರೊಳಗೆ ಇನ್ನೂ ಚಿಕ್ಕದು. ಪ್ರತಿ ಮೆಟ್ಟಿಲ ಅಂಚಿಗೂ ದಾರದಷ್ಟು ನೆರಳು. ಎಲ್ಲ ಸಾಲೂ ಕಣ್ಣನ್ನು ಕೆಳಗೆ, ನೀರಿನ ಕಡೆಗೆ ಕರೆದುಕೊಂಡು ಹೋಗುತ್ತಿದ್ದವು. ಪದಕ ಅಂದರೆ ಯಾವಾಗಲೂ ಉಬ್ಬಿ ಮೇಲೆ ಬರುತ್ತದೆ. ಇದು ಒಳಗೆ ಇಳಿದರೆ ಹೇಗೆ? ನಾಲ್ಕು ಚೌಕ, ಒಂದರೊಳಗೊಂದು ಇಳಿದು, ತಳದಲ್ಲಿ ನೀರಿನ ಜಾಗದಲ್ಲಿ ಒಂದು ಕೆಂಪು ಕಲ್ಲು. ಕಲ್ಲು ಟೀಚರ್ ಹತ್ತಿರವೇ ಇತ್ತು. ಅವರ ತಾಯಿಯ ಮೂಗುಬೊಟ್ಟು ಕಳೆದುಹೋಗಿ, ಅದರ ಜೊತೆಯ ಉಂಗುರದ ಕೆಂಪು ಮಾತ್ರ ಉಳಿದಿತ್ತು.

ದಾವಣಗೆರೆಗೆ ಬಸ್ಸಿನಲ್ಲಿ ಬರುವಾಗಲೇ ಅದರ ಚಿತ್ರ ಬರೆದು ಮುಗಿಸಿದೆ. 30 ಮಿಲಿಮೀಟರ್ ಚೌಕ, 5 ಮಿಲಿಮೀಟರ್ ಆಳ.

ಆಚಾರ್ರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಾಳೆಯನ್ನು ತಿರುಗಿಸಿದರು. ಹಿಂಬದಿ ಖಾಲಿ. "ಇದರ ಬೆನ್ನು ಎಲ್ಲೈತಿ?" ಅಂದರು.

ನಾನು ಬೆನ್ನು ಬರೆದೇ ಇರಲಿಲ್ಲ. ಕಲಿಯುವಾಗ ನಮಗೆ ಮುಂಭಾಗ, ಪಕ್ಕ, ಮೇಲ್ಭಾಗ ಬರೆಯಲು ಹೇಳಿಕೊಡುತ್ತಾರೆ. ಹಿಂಭಾಗ ಅಂದರೆ ಒಂದು ಸಪಾಟು ತಗಡು ಅಂತಲೇ ನನ್ನ ತಲೆಯಲ್ಲಿತ್ತು.

ಮೊದಲು ಬೆಳ್ಳಿಯಲ್ಲಿ ಒಂದು ಮಾದರಿ ಮಾಡಿದೆ. ಅರ್ಧ ಮಿಲಿಮೀಟರ್ ದಪ್ಪದ ತಗಡು. ಮೂಲೆಗಳಲ್ಲಿ ಮೂರು ಮೂಲೆಯ ಅರದಿಂದ ಗೀರು ಹಾಕಿ, ಆ ಗೀರಿನ ಗುಂಟ ಮಡಚಿ, ಒಂದೊಂದು ಮೆಟ್ಟಿಲನ್ನೂ ಬೇರೆ ಬೇರೆ ಮಾಡಿ ಬೆಸೆದೆ. ಬೆಳ್ಳಿಗೆ ಬೆಸುಗೆ ಹಾಕುವುದು ಬೇರೆಯೇ ಪಾಠ. ಬೆಳ್ಳಿ ಶಾಖವನ್ನು ಒಂದು ಕಡೆ ನಿಲ್ಲಿಸಿಕೊಳ್ಳುವುದಿಲ್ಲ. ಒಂದು ಮೂಲೆ ಕಾಯಿಸಿದರೆ ಇಡೀ ಒಡವೆಗೆ ಹಂಚಿಬಿಡುತ್ತದೆ. ಹಾಗಾಗಿ ಪೂರ್ತಿ ಒಡವೆ ಸಮವಾಗಿ ಕಾದಾಗಲೇ ಬೆಸುಗೆ ಹರಿಯುವುದು. ಹೀಗೆ ಆರು ದಿನದಲ್ಲಿ ಮಾದರಿ ಮುಗಿಯಿತು. ತೂಕ 13 ಗ್ರಾಂ. ನನಗೆ ಖುಷಿಯೋ ಖುಷಿ. 17.4ರೊಳಗೆ ಆರಾಮಾಗಿ ಕೂರುತ್ತದೆ ಅಂದುಕೊಂಡೆ.

ಬೆಳ್ಳಿಗಿಂತ ಚಿನ್ನ ಎಷ್ಟು ಭಾರ ಅನ್ನುವುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅದೇ ಅಳತೆ, ಅದೇ ದಪ್ಪದಲ್ಲಿ 22 ಕ್ಯಾರೆಟ್ ಚಿನ್ನ ಬೆಳ್ಳಿಯ ಸುಮಾರು 1.7 ಪಟ್ಟು ತೂಗುತ್ತದೆ. ಅಂದರೆ 22 ಗ್ರಾಂ ದಾಟುತ್ತದೆ.

ಪದಕ ಚಿಕ್ಕದು ಮಾಡಬಹುದಿತ್ತು. ಆದರೆ ಮೆಟ್ಟಿಲುಗಳು ಹತ್ತಿರ ಹತ್ತಿರ ಬಂದು ನೆರಳು ಬೀಳಲು ಜಾಗವೇ ಇರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ, ಮೇಣದ ಅಚ್ಚು ತೆಗೆಸಿ, ಎರಕ ಹೊಯ್ಯಿಸಬಹುದಿತ್ತು. ಬೆಂಗಳೂರಿನಲ್ಲಿ ನಾನು ಮಾಡುತ್ತಿದ್ದ ಕೆಲಸ ಅದೇ. ಅದರ ಮೇಲೆ ನನಗೆ ಗೌರವವಿದೆ. ಒಂದೇ ಥರದ ಐವತ್ತು ಓಲೆ ಬೇಕಾದಾಗ ಅದೇ ಸರಿಯಾದ ದಾರಿ. ಆದರೆ ಎರಕದಲ್ಲಿ ಗೋಡೆ ತೀರಾ ತೆಳು ಮಾಡಲು ಹೋದರೆ ಚಿನ್ನ ಮೂಲೆವರೆಗೆ ಹರಿಯುವ ಮೊದಲೇ ಗಟ್ಟಿಯಾಗುತ್ತದೆ, ಒಳಗೆ ಸಣ್ಣ ಸಣ್ಣ ಗುಳ್ಳೆ ಉಳಿಯುತ್ತವೆ. ಬಡಿದು, ರೋಲಿಂಗ್ ಮಿಷನ್ನಿನಲ್ಲಿ ಎಳೆದ ತಗಡು ಅದಕ್ಕಿಂತ ಬಿಗಿ. ಈ ಪದಕಕ್ಕೆ ತಗಡೇ ಬೇಕು ಅನ್ನುವುದು ಖಚಿತವಾಯಿತು. 0.35 ಮಿಲಿಮೀಟರಿಗೆ ಇಳಿಸಿದರೆ ತೂಕ 16ರ ಒಳಗೆ ಬರುತ್ತದೆ.

"ಇಷ್ಟು ತೆಳು ಮಾಡಿದ್ರೆ ಜಜ್ಜಲ್ವಾ ಆಚಾರ್ರೇ?" ಅಂತ ಕೇಳಿದೆ.

ಅವರು ಪಕ್ಕದಲ್ಲಿದ್ದ ಸಿಗರೇಟು ಪ್ಯಾಕಿನ ರಟ್ಟು ತಗೊಂಡು, ಬೀಸಣಿಗೆಯ ಹಾಗೆ ಮಡಿಕೆ ಮಾಡಿ, ಎರಡು ಡಬ್ಬಿಗಳ ಮೇಲೆ ಸೇತುವೆಯ ಹಾಗೆ ಇಟ್ಟರು. ಅದರ ಮೇಲೆ ಒಂದು ಸುತ್ತಿಗೆ ಇಟ್ಟರು. ರಟ್ಟು ಬಗ್ಗಲಿಲ್ಲ. "ನಿನ್ನ ಮೆಟ್ಟಿಲೇ ಇದಕ್ಕೆ ಎಲುಬು" ಅಂದರು.

ಮೂಸೆಯಲ್ಲಿ ಚಿನ್ನಕ್ಕೆ ಚಿಟಿಕೆ ಬಿಳಿಗಾರ ಹಾಕಿ ಕರಗಿಸಿ, ಎಣ್ಣೆ ಸವರಿದ ಅಚ್ಚಿಗೆ ಹೊಯ್ದೆವು. ಬೆರಳಷ್ಟು ಉದ್ದದ ಗಟ್ಟಿ ಬಂತು. ಅದನ್ನು ಬಡಿದು ಚಪ್ಪಟೆ ಮಾಡಿ, ರೋಲಿಂಗ್ ಮಿಷನ್ನಿನಲ್ಲಿ ಹಾಕಿ ಎಳೆಯಬೇಕು. ಎರಡು ಮೂರು ಸಲ ಎಳೆದ ಮೇಲೆ ಚಿನ್ನ ಬಿಗಿಯುತ್ತದೆ. ಹಾಗೇ ಒತ್ತಾಯ ಮಾಡಿದರೆ ಅಂಚು ಸೀಳುತ್ತದೆ. ಆಗ ಕಾಯಿಸಿ ಹದ ಮಾಡಬೇಕು. ಎಷ್ಟು ಕಾಯಿಸಬೇಕು ಅನ್ನುವುದನ್ನು ಬಣ್ಣದಲ್ಲೇ ನೋಡಬೇಕು. ಅದಕ್ಕೇ ಆಚಾರ್ರು ಹದ ಮಾಡುವಾಗ ಬಾಗಿಲು ಅರ್ಧ ಮುಚ್ಚಿ ಕೋಣೆ ಕತ್ತಲು ಮಾಡುತ್ತಾರೆ. ಹೊರಗಿನ ಬಿಸಿಲಲ್ಲಿ ಮಂಕು ಕೆಂಪು ಕಾಣುವುದಿಲ್ಲ. ಕಂಡಾಗ ಆಗಲೇ ಜಾಸ್ತಿ ಕಾದಿರುತ್ತದೆ. ಬೂದಿ ಮುಚ್ಚಿದ ಕೆಂಡದ ಬಣ್ಣ ಬಂದ ಕೂಡಲೇ ಬೆಂಕಿ ತೆಗೆಯಬೇಕು. 0.35ಕ್ಕೆ ಬರುವಷ್ಟರಲ್ಲಿ ಎಂಟು ಸಲ ಹದ ಮಾಡಿದೆವು.

ಮೆಟ್ಟಿಲು ಕಟ್ಟುವ ಕೆಲಸ ಬೆಳ್ಳಿಯಲ್ಲಿ ಕೈಗೆ ಕೂತಿತ್ತು, ಹಾಗಾಗಿ ಚಿನ್ನದಲ್ಲಿ ಬೇಗ ಆಯಿತು. ಮೊದಲ ಬೆಸುಗೆ ಜಾಸ್ತಿ ಶಾಖಕ್ಕೆ ಕರಗುವುದು, ಎರಡನೆಯದು ಅದಕ್ಕಿಂತ ಕಮ್ಮಿ, ಮೂರನೆಯದು ಇನ್ನೂ ಕಮ್ಮಿ. ಹೀಗೆ ಇಳಿಯುತ್ತಾ ಬರಬೇಕು. ಇಲ್ಲದಿದ್ದರೆ ಕೊನೇ ಮೂಲೆ ಬೆಸೆಯುವಾಗ ಮೊದಲ ಮೂಲೆ ಬಿಟ್ಟುಕೊಳ್ಳುತ್ತದೆ. ಕೆಡಿಎಂ ಬೆಸುಗೆ ನಾವು ಬಳಸುವುದಿಲ್ಲ. ಅದರಲ್ಲಿ ಕ್ಯಾಡ್ಮಿಯಂ ಇರುತ್ತದೆ, ಕಾಯಿಸಿದಾಗ ಬರುವ ಹೊಗೆ ಶ್ವಾಸಕೋಶವನ್ನೇ ತಿನ್ನುತ್ತದೆ. ಆ ಹೊಗೆ ಕುಡಿಯುತ್ತಾ ಚಿಕ್ಕ ಕೋಣೆಗಳಲ್ಲಿ ಕೂತು ಕೆಲಸ ಮಾಡಿದವರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. "ಕೆಡಿಎಂ ಚಿನ್ನವಾ?" ಅಂತ ಹೆಮ್ಮೆಯಿಂದ ಕೇಳುವ ಗಿರಾಕಿಗಳಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಉಳಿದದ್ದು ಬೆನ್ನಿನ ತಗಡು. ಪದಕದ ನಡುವೆ, ಕಲ್ಲು ಕೂರುವ ಕಡೆ, ಮುಂದಿನಿಂದ ಹಿಂದಿನವರೆಗೆ ಒಂದು ಚಿಕ್ಕ ಕೊಳವೆ ಇಟ್ಟಿದ್ದೆ. ಕಲ್ಲಿಗೆ ಹಿಂದಿನಿಂದಲೂ ಬೆಳಕು ಬರಲಿ ಅಂತ. ಕೊಳವೆಯ ಸುತ್ತ, ಮೆಟ್ಟಿಲುಗಳ ಕೆಳಗೆ, ಪೂರ್ತಿ ಪೊಳ್ಳು. ಹಿಂದೆ ತಗಡು ಮುಚ್ಚಿ ಬೆಸೆದರೆ ಕಟ್ಟುವ ಕೆಲಸ ಮುಗಿದ ಹಾಗೆ. ಆ ದಿನ ಆಚಾರ್ರು ಮೊಮ್ಮಗನ ನಾಮಕರಣಕ್ಕೆ ಹೋಗಿದ್ದರು. ನಾಳೆವರೆಗೆ ಕಾಯಬಹುದಿತ್ತು. ನಾನು ಕಾಯಲಿಲ್ಲ.

ತಗಡು ಅಳತೆಗೆ ಕತ್ತರಿಸಿ, ಅಂಚಿಗೆ ಬಿಳಿಗಾರ ತೇಯ್ದ ನೀರು ಹಚ್ಚಿ, ಬೆಸುಗೆಯ ತುಣುಕುಗಳನ್ನು ಸುತ್ತ ಜೋಡಿಸಿ, ಗ್ಯಾಸ್ ಟಾರ್ಚ್ ಹಿಡಿದೆ. ಮೂರು ಕಡೆ ಬೆಸುಗೆ ಚೆನ್ನಾಗಿ ಹರಿಯಿತು. ಗೆರೆಯಂತೆ ಹೊಳೆಯುತ್ತಾ ಅಂಚಿನ ಗುಂಟ ಓಡಿತು. ನಾಲ್ಕನೇ ಕಡೆ ಮುಚ್ಚಿಕೊಂಡು ಎರಡು ಸೆಕೆಂಡ್ ಆಗಿರಬಹುದು. ಟಪ್ ಅಂತ ಶಬ್ದ. ಪದಕ ಇಟ್ಟಿಗೆಯ ಮೇಲಿಂದ ಹಾರಿ ನೆಲಕ್ಕೆ ಬಿತ್ತು.

ಬೆನ್ನಿನ ತಗಡು ಹೊಟ್ಟೆ ಉಬ್ಬಿದ ಪೂರಿಯ ಹಾಗೆ ಎದ್ದಿತ್ತು. ಒಂದು ಪಕ್ಕದ ಗೋಡೆ ಉದ್ದಕ್ಕೂ ಸೀಳಿತ್ತು. ಒಳಗೆ ಸಿಕ್ಕಿಕೊಂಡ ಗಾಳಿ, ಬಿಳಿಗಾರದ ನೀರಿನ ಆವಿ, ಎರಡಕ್ಕೂ ಹೊರಗೆ ಬರಲು ದಾರಿ ಇರಲಿಲ್ಲ. ಬಿಸಿಗೆ ಹಿಗ್ಗಿ, ಮೆತ್ತಗಾಗಿದ್ದ ಚಿನ್ನವನ್ನೇ ಹರಿದುಕೊಂಡು ಬಂದಿದ್ದವು. ಅದು ಮುಖಕ್ಕೆ ಹಾರಿದ್ದರೆ ಏನಾಗುತ್ತಿತ್ತು ಅನ್ನುವುದು ನನಗೆ ಹೊಳೆದದ್ದು ಆಮೇಲೆ. ಆಗ ಕಣ್ಣ ಮುಂದೆ ಇದ್ದದ್ದು ಮೂಸೆಯಲ್ಲಿ ಕುಸಿಯುತ್ತಿದ್ದ ಗುಂಡುಗಳು, ಸೆರಗು ಬಾಯಿಗಿಟ್ಟುಕೊಂಡು ನಿಂತ ಟೀಚರ್. ನೆಲದ ಮೇಲೆ ಕೂತು ಅತ್ತೆ.

ಮರುದಿನ ಆಚಾರ್ರು ಬಂದರು. ಬೈಯಲಿಲ್ಲ. ಕನ್ನಡಕ ಹಾಕಿಕೊಂಡು, ಪದಕವನ್ನು ಆ ಕಡೆ ಈ ಕಡೆ ತಿರುಗಿಸಿ, ಮೆಟ್ಟಿಲುಗಳಿಗೆ ಏನೂ ಆಗಿಲ್ಲ ಅಂದರು. ಬೆನ್ನು ಮತ್ತು ಒಂದು ಗೋಡೆ ಕತ್ತರಿಸಿ ತೆಗೆದರೆ ಸಾಕು. "ಉಸಿರಾಡಾಕೆ ತೂತು ಬಿಡಬೇಕಲ್ಲವ್ವಾ. ಪೊಳ್ಳು ಇರೋ ಯಾವ್ದಕ್ಕೇ ಆಗ್ಲಿ" ಅಂದರು. ಆಮೇಲೆ ಟೀಚರ್ ತಂದಿದ್ದ ಗುಂಡಿನ ಕತೆ ಹೇಳಿದರು. ಒಂದೊಂದು ಗುಂಡಿಗೂ ದಾರ ಪೋಣಿಸುವ ಎರಡು ತೂತು ಇದ್ದವಲ್ಲ, ಬೆಸೆಯುವಾಗ ಆ ಗುಂಡು ಉಸಿರಾಡಿದ್ದು ಅಲ್ಲಿಂದಲೇ. ಅರಗು ತುಂಬಿದ್ದೂ ಅಲ್ಲಿಂದಲೇ.

ಬರೀ ತೂತು ಕೊರೆದು ಬಿಡಬಹುದಿತ್ತು, ಸಾಸಿವೆ ಕಾಳಿನಷ್ಟು, ಎರಡು. ನನಗೆ ಮನಸ್ಸು ಬರಲಿಲ್ಲ. ಮೂರು ದಿನ ಬೆನ್ನನ್ನೇ ಬರೆದೆ. ಮುಂಭಾಗಕ್ಕೆ ಹಾಳೆ ತುಂಬಿಸಿದಷ್ಟೇ ಹಾಳೆ ಇದಕ್ಕೂ ತುಂಬಿಸಿದೆ. ಕೊನೆಗೆ ಉಳಿದದ್ದು ಒಂದು ಚಿಕ್ಕ ರಂಗೋಲಿ. ಕೊಳವೆಯ ಬಾಯಿಯ ಸುತ್ತ ಎಂಟು ಎಸಳು. ಪ್ರತಿ ಎಸಳೂ ತಗಡಿನಲ್ಲಿ ಕೊರೆದ ಒಂದು ತೂತು. ಟೀಚರ್ ಮನೆಗೆ ಒಮ್ಮೆ ಹೋದಾಗ ಹೊಸ್ತಿಲಲ್ಲಿ ನೋಡಿದ ರಂಗೋಲಿ ಅದು. ಅವರಿಗೆ ಅವರ ತಾಯಿ ಕಲಿಸಿದ್ದಂತೆ.

ಎಸಳು ಕೊರೆಯುವ ಗರಗಸದ ಬ್ಲೇಡ್ ದಾರದಷ್ಟು ಸಣ್ಣ. ಮೊದಲು ಸೂಜಿ ಡ್ರಿಲ್‌ನಲ್ಲಿ ತೂತು ಮಾಡಿ, ಬ್ಲೇಡನ್ನು ಅದರೊಳಗೆ ತೂರಿಸಿ, ಚೌಕಟ್ಟಿಗೆ ಕಟ್ಟಿ, ಮೇಲೆ ಕೆಳಗೆ ಎಳೆಯಬೇಕು. ಬ್ಲೇಡ್ ಓರೆಯಾದರೆ ಕಟ್ ಅನ್ನುತ್ತದೆ. ಎಂಟು ಎಸಳಿಗೆ ಹನ್ನೊಂದು ಬ್ಲೇಡ್ ಮುರಿದವು. ಪ್ರತಿ ಎಸಳಿನ ಒಳ ಅಂಚನ್ನೂ ಸೂಜಿ ಅರದಿಂದ ದುಂಡಗೆ ಮಾಡಿದೆ, ಚರ್ಮಕ್ಕೆ ಚೂಪು ತಾಗಬಾರದು ಅಂತ. ತಗಡನ್ನು ಸೀಸದ ಮೇಲೆ ಇಟ್ಟು ಮರದ ಸುತ್ತಿಗೆಯಿಂದ ಒಂಚೂರು, ನೋಡಿದರೆ ಗೊತ್ತಾಗದಷ್ಟು, ಉಬ್ಬಿಸೋಣ ಅಂದುಕೊಂಡೆ. ಆಚಾರ್ರು ತಡೆದರು. ಸೀಸದ ಒಂದು ಕಣ ಚಿನ್ನಕ್ಕೆ ಅಂಟಿಕೊಂಡು ಬೆಂಕಿಗೆ ಹೋದರೆ ಅಲ್ಲೇ ತೂತು ಬೀಳುತ್ತದೆ, ಚಿನ್ನ ಮುರುಕಲಾಗುತ್ತದೆ. ಅರಗಿನ ಮೇಲೆ ಇಟ್ಟು ಉಬ್ಬಿಸಿದೆವು. ಎದೆಯ ಮೇಲೆ ಸಪಾಟು ತಗಡು ಮಲಗುವುದಿಲ್ಲ, ಅಂಚು ಚುಚ್ಚುತ್ತದೆ. ಈ ಸಣ್ಣ ಉಬ್ಬಿನಿಂದ ಪದಕ ನಡುವಿನಲ್ಲಿ ಮಾತ್ರ ಮೈಗೆ ತಾಗಿ, ಅಂಚು ಒಂದು ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ.

ಈ ಸಲ ಬೆಸೆಯುವಾಗ ಆಚಾರ್ರು ಪಕ್ಕದಲ್ಲಿ ಕೂತಿದ್ದರು. ಎಸಳುಗಳಿಂದ ಆವಿ ತೆಳ್ಳಗೆ ಹೊರಟಿತು. ಬೆಸುಗೆ ನಾಲ್ಕೂ ಕಡೆ ಹರಿಯಿತು. ಶಬ್ದವಿಲ್ಲ.

ತೂತಿನ ಇನ್ನೊಂದು ಉಪಯೋಗ ಆಮೇಲೆ ಗೊತ್ತಾಯಿತು. ಬೆಸುಗೆ ಆದ ಮೇಲೆ ಒಡವೆಯನ್ನು ಆಸಿಡ್ ನೀರಿಗೆ ಹಾಕಿ ಕಪ್ಪು ತೆಗೆಯುತ್ತೇವೆ. ಪೊಳ್ಳಿನೊಳಗೆ ಆ ಆಸಿಡ್ ಉಳಿದುಬಿಟ್ಟರೆ ತಿಂಗಳುಗಟ್ಟಲೆ ಒಸರಿ ಚರ್ಮಕ್ಕೆ ಉರಿ ತರುತ್ತದೆ, ಒಡವೆಗೂ ಕಲೆ ಮಾಡುತ್ತದೆ. ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಜಾಡಿಸಿ, ಮತ್ತೆ ಬರೀ ನೀರಿನಲ್ಲಿ ಕುದಿಸಿ, ಬಿಸಿ ಮರಳಿನ ಹತ್ತಿರ ಇಟ್ಟು ಒಣಗಿಸಿದೆವು. ಎರಡು ಸಣ್ಣ ತೂತು ಮಾತ್ರ ಇದ್ದಿದ್ದರೆ ಇದಕ್ಕೆ ದಿನವೇ ಹಿಡಿಯುತ್ತಿತ್ತು.

ಕಲ್ಲು ಕೂರಿಸುವ ಕೆಲಸವನ್ನು ಆಚಾರ್ರೇ ಮಾಡಿದರು. ನನ್ನ ಕೈ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ. ಹಳೇ ಕೆಂಪಿನ ಒಡವೆಗಳಲ್ಲಿ ಕಲ್ಲಿನ ಹಿಂದೆ ತಗಡಿನ ಕಾಗದ ಇಟ್ಟು ಮುಚ್ಚಿರುತ್ತಾರೆ, ಹೊಳಪು ಬರಲಿ ಅಂತ. ನೀರು ಸೇರಿದರೆ ಆ ಕಾಗದ ಕಪ್ಪಾಗಿ ಕಲ್ಲು ಸತ್ತ ಹಾಗೆ ಕಾಣುತ್ತದೆ. ಇದು ದಿನಾ ಹಾಕುವ ಪದಕ, ಸ್ನಾನ ಮಾಡುವಾಗಲೂ ಮೈಮೇಲೆ ಇರುತ್ತದೆ. ಹಾಗಾಗಿ ಹಿಂದೆ ತೆರೆದೇ ಬಿಟ್ಟೆವು.

ಕೊನೇ ಪರೀಕ್ಷೆ ಹತ್ತಿಯದು. ಹೊಳಪು ಕೊಟ್ಟ ಮೇಲೆ ಆಚಾರ್ರು ಒಂದು ಚಿಟಿಕೆ ಹತ್ತಿ ಹಿಂಜಿ, ಒಡವೆಯ ಎಲ್ಲ ಕಡೆಯೂ ಮೆಲ್ಲಗೆ ಎಳೆಯುತ್ತಾರೆ. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳಿದೆ ಅಂತ ಅರ್ಥ. ಅವರ ತಂದೆಯ ಕಾಲದಲ್ಲಿ ಈ ಊರಿನ ಹತ್ತಿ ಮಿಲ್ಲುಗಳ ಸೈರನ್ನಿಗೆ ಅಂಗಡಿ ತೆಗೆದು ಮುಚ್ಚುತ್ತಿದ್ದರಂತೆ, ಮಿಲ್ಲಿನ ಕೆಲಸಗಾರರೇ ಹತ್ತಿ ತಂದು ಕೊಡುತ್ತಿದ್ದರಂತೆ. ಈಗ ಮೆಡಿಕಲ್ ಶಾಪಿನ ಹತ್ತಿ. ಮುಂಬದಿ ಒಂದೇ ಸಲಕ್ಕೆ ಪಾಸಾಯಿತು. ಬೆನ್ನಿನ ಐದನೇ ಎಸಳಲ್ಲಿ ಒಂದು ಎಳೆ ನಿಂತಿತು. ಮತ್ತೆ ಅರ. ಮತ್ತೆ ಹತ್ತಿ. ಏಳನೇ ಎಸಳಲ್ಲಿ ಒಂದು. ಮತ್ತೆ ಅರ. ಸಂಜೆ ಏಳೂವರೆಗೆ ಹತ್ತಿ ಎಲ್ಲೂ ನಿಲ್ಲದೆ ಜಾರಿ ಬಂತು.

ಹಾಲ್‌ಮಾರ್ಕ್‌ಗೆ ಕಳಿಸಿದೆವು. ಮುದ್ರೆಗೆ ಬೆನ್ನಿನ ಒಂದು ಮೂಲೆಯಲ್ಲಿ ಮೊದಲೇ ಜಾಗ ಬಿಟ್ಟಿದ್ದೆ. ಬಿಐಎಸ್ ಗುರುತು, 22ಕೆ916, ಒಂದೊಂದು ಒಡವೆಗೂ ಬೇರೆಯೇ ಆದ ಆರು ಅಕ್ಷರ-ಅಂಕಿಗಳ ಗುರುತು, ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಈ ಆರು ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ. ಎಷ್ಟೋ ಒಡವೆಗಳಲ್ಲಿ ಮುದ್ರೆ ಎಲ್ಲೋ ಒಂದು ಕಡೆ ಅಡ್ಡಾದಿಡ್ಡಿ ಬಿದ್ದಿರುತ್ತದೆ. ಇದರಲ್ಲಿ ರಂಗೋಲಿಯ ಕೆಳಗೆ ನೇರವಾಗಿ, ಸಹಿ ಹಾಕಿದ ಹಾಗೆ ಕೂತಿದೆ.

ಪದಕ 15.9 ಗ್ರಾಂ ಬಂತು. ಪುಡಿ, ಸವಕಲು ಸೇರಿ 0.4 ಹೋಯಿತು. ಉಳಿದ 1.1 ಗ್ರಾಂ ಚಿನ್ನವನ್ನು ಪೊಟ್ಟಣ ಕಟ್ಟಿ, ಲೆಕ್ಕದ ಚೀಟಿ ಜೊತೆ ಟೀಚರ್‌ಗೆ ವಾಪಸ್ ಕೊಟ್ಟೆ. ತಗಡು ಸೀಳಿದ್ದು, ಬೆನ್ನು ಎರಡನೇ ಸಲ ಮಾಡಿದ್ದು, ಎಲ್ಲ ಹೇಳಿದೆ. ಅವರು ಪದಕವನ್ನು ಅಂಗೈಯಲ್ಲಿ ಇಟ್ಟುಕೊಂಡು ಮೆಟ್ಟಿಲುಗಳನ್ನು ನೋಡಿದರು. "ನಮ್ಮ ಹೊಂಡ" ಅಂದರು. ಆಮೇಲೆ ತಿರುಗಿಸಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ. ಬೆರಳಿನಿಂದ ಎಸಳುಗಳನ್ನು ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದರು.

ಮದುವೆ ಆಗಿ ಐದು ತಿಂಗಳಿಗೆ ಮಗಳು ಅಂಗಡಿಗೆ ಬಂದಳು. ಚೈನಿನ ಕೊಂಡಿ ಸಡಿಲವಾಗಿತ್ತು. ಪದಕ ಬಿಚ್ಚಿ ಆಚಾರ್ರ ಕೈಗೆ ಕೊಟ್ಟಳು. ಅವರು ತಿರುಗಿಸಿ ನೋಡಿ, ಏನೂ ಹೇಳದೆ ನನಗೆ ದಾಟಿಸಿದರು. ನಾವು ಪಾಲಿಶ್ ಮಾಡಿ ಕಳಿಸಿದ್ದ ಮುಂಬದಿ ಸ್ವಲ್ಪ ಮಂಕಾಗಿತ್ತು. ಬೆನ್ನಿನ ಉಬ್ಬು ಮಾತ್ರ ದಿನಾ ಮೈಗೆ ಉಜ್ಜಿ ಉಜ್ಜಿ, ಯಾವ ಬಫ್ ಮಿಷನ್ನೂ ಕೊಡಲಾಗದ ಮೆತ್ತನೆಯ ಹೊಳಪಿಗೆ ಬಂದಿತ್ತು. ಎಸಳುಗಳ ಒಳಗೆ ಏನೋ ಹಳದಿ ಕಟ್ಟಿಕೊಂಡಿತ್ತು.

ಬಿಸಿನೀರಿಗೆ ಅಂಟುವಾಳದ ಪುಡಿ ಹಾಕಿ ಪದಕ ಮುಳುಗಿಸಿದೆ. ಸ್ವಲ್ಪ ಹೊತ್ತಿಗೆ ಎಂಟೂ ಎಸಳಿಂದ ಸಣ್ಣಗೆ ಅರಿಶಿನ ಬಿಟ್ಟುಕೊಳ್ಳತೊಡಗಿತು.